ಠಾಣೆಯ ಗಂಡು ಹೂವು

ನನ್ನ ಬಾಯಿಗೆ ಬೀಗ ಹಾಕುವ ವ್ಯವಸ್ಥೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇರಲಿಲ್ಲ. ಅದರ ಶಿಕ್ಷೆಯನ್ನು ಒಂದು ಕುಂಬಳಬಳ್ಳಿ ಅನುಭವಿಸಬೇಕಾಯಿತು.

ನಾನು ಮೊಬೈಲ್ ರಿಪೇರಿ ಮಾಡುವವನು. ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಗೋಡೆ ಕಟ್ಟಲು ಮರೆತುಹೋದ ಜಾಗ. ಅದರೊಳಗೆ ಒಂದು ಸ್ಟೂಲು, ಒಂದು ಭೂತಗನ್ನಡಿ, ಚಿಮಟ, ಸ್ಕ್ರೂಡ್ರೈವರು, ಒಳಗಿನ ಧೂಳು ಒರೆಸುವ ಸಣ್ಣ ಬ್ರಷ್ಷು ಮತ್ತು ನಾನು. ಗಿರಾಕಿ ಬಂದ ಕೂಡಲೇ ಕಾಲರ್ ಎತ್ತಿ, "ಕೊಡಿ ಇಲ್ಲಿ. ಸತ್ತಿದ್ರೆ ಎಬ್ಬಿಸ್ತೀನಿ, ಎದ್ದಿದ್ರೆ ಕುಣಿಸ್ತೀನಿ!" ಎನ್ನುತ್ತೇನೆ. ಅರ್ಧದಷ್ಟು ಫೋನುಗಳು ಏಳುತ್ತವೆ. ಉಳಿದ ಅರ್ಧದ ಮಾಲೀಕರು ನನಗೆ 'ಡೈಲಾಗ್' ಎಂದು ಹೆಸರಿಟ್ಟರು. ಈಗ ನಮ್ಮಮ್ಮನೂ ಊಟಕ್ಕೆ ಹಾಗೇ ಕರೆಯುತ್ತಾಳೆ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನಮ್ಮ ಜೊತೆಯೇ ಇರುವುದು. ಮೂವತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿ ರಿಟೈರಾದವಳು. ಈ ಊರಿನ ಅರ್ಧ ಜನ ಹುಟ್ಟಿದ ಕೂಡಲೇ ಮೊದಲ ಏಟು ತಿಂದದ್ದು ಅವಳ ಕೈಯಲ್ಲೇ. ಅವಳು ಮಾಡಿಸಿದ ಕೊನೆಯ ಹೆರಿಗೆಯ ಹೆಂಗಸು, ವಾರ್ಡು ಬಿಡುವಾಗ ಅವಳಿಗೆ ಒಂದು ಕುಂಬಳಕಾಯಿ ಕೊಟ್ಟಿದ್ದಳಂತೆ. ದೊಡ್ಡಮ್ಮ ಅದರ ಬೀಜ ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟಳು. ಡಬ್ಬಿಗೆ ಇಲಿ ನುಗ್ಗಿತು. ಉಳಿದದ್ದು ಒಂದೇ ಬೀಜ.

ಆ ಒಂದನ್ನು ನಮ್ಮ ಕಟ್ಟಡದ ಟೆರೇಸಿನಲ್ಲಿ, ಸಿಮೆಂಟ್ ಚೀಲದಲ್ಲಿ ಮಣ್ಣು ತುಂಬಿ ಹಾಕಿದಳು. ಅದು ಮೊಳೆಯುವವರೆಗೆ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿದಳು. ಮೊಳೆತ ಮೇಲೆ ಆರು ಸಲ. ಬಳ್ಳಿ ನೀರಿನ ಟ್ಯಾಂಕು ಹತ್ತಿ, ಆ ಕಡೆ ಇಳಿದು, ಹೂವು ಬಿಡಲು ಶುರು ಮಾಡಿದ ದಿನ ನನ್ನನ್ನು ಮೇಲೆ ಕರೆದಳು.

"ನೋಡೋ, ಕೆಲವು ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಇದೆ. ಕೆಲವಕ್ಕೆ ಬರೀ ಉದ್ದ ಕಡ್ಡಿ. ಯಾಕೆ ಹೀಗೆ?"

ನಾನು ಜೇಬಿನಿಂದ ಭೂತಗನ್ನಡಿ ತೆಗೆದೆ. ಒಂದು ಕಣ್ಣು ಮುಚ್ಚಿದೆ. ಹುಬ್ಬು ಎತ್ತಿದೆ. ಇಷ್ಟು ಮಾಡಿದ ಮೇಲೆ ಏನಾದರೂ ಹೇಳಲೇಬೇಕಾಗುತ್ತದೆ.

"ಸಿಂಪಲ್ ದೊಡ್ಡಮ್ಮ. ಈ ಕಡ್ಡಿ ಪಾರ್ಟಿಗಳೆಲ್ಲ ಬಿಟ್ಟಿ ಗಿರಾಕಿಗಳು. ನೀರು ಕುಡೀತಾವೆ, ಗೊಬ್ಬರ ತಿಂತಾವೆ, ಬೆಳಿಗ್ಗೆ ಎದ್ದು ಹಲ್ಲು ಕಿರೀತಾವೆ. ಕೆಲ್ಸ ಮಾತ್ರ ಸೊನ್ನೆ. ಇವನ್ನ ಕಿತ್ತು ಬಿಸಾಕಿದ್ರೆ ಪೂರ್ತಿ ಪವರ್ರು ಕಾಯಿಗೆ ಹೋಗುತ್ತೆ. ಫೋನಲ್ಲಿ ಬೇಡದ ಆ್ಯಪ್ ತೆಗೀತೀವಲ್ಲ, ಹಾಗೆ."

ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣ ಅನುಮಾನಪಡುತ್ತಿದ್ದರು. ದೊಡ್ಡಮ್ಮ ಸೊಂಟಕ್ಕೆ ಕೈ ಕೊಟ್ಟು ತಲೆಯಾಡಿಸಿದಳು.

"ನಮ್ಮ ವಾರ್ಡಲ್ಲೂ ಅದೇ ರೂಲಿತ್ತು ಕಣೋ. ಹೊಟ್ಟೆ ಇರೋರು ಒಳಗೆ, ಇಲ್ಲದೋರು ಆಚೆ. ಗಂಡಂದಿರು ಬಂದು ಬೆಡ್ಡಿನ ಪಕ್ಕ ಕೂತ್ಕೊಂಡು ಫ್ಯಾನ್ ಗಾಳಿ ತಿಂದ್ಕೊಂಡು ಇರ್ತಿದ್ರು. ಒಬ್ಬೊಬ್ಬರನ್ನೂ ಓಡಿಸ್ತಿದ್ದೆ. ಕೀಳು, ಕೀಳು."

ಹೀಗೆ ಮೊಬೈಲ್ ಶಾಸ್ತ್ರವೂ ಹೆರಿಗೆ ಶಾಸ್ತ್ರವೂ ಒಂದೇ ತೀರ್ಪಿಗೆ ಬಂದವು. ಸಸ್ಯಶಾಸ್ತ್ರವನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ನನ್ನ ದರ್ಬಾರು. ಬೆಳಗಾದರೆ ಟೆರೇಸಿಗೆ ಹೋಗುವುದು, ಒಂದೊಂದು ಕಡ್ಡಿ ಹೂವಿನ ಕತ್ತು ಹಿಡಿದು, "ನಿನ್ನ ಆಟ ಮುಗೀತು ಕಣೋ. ಈ ಟೆರೇಸಿಗೆ ಒಬ್ನೇ ಹೀರೋ!" ಎಂದು ಕಿತ್ತೆಸೆಯುವುದು. ನಾಳೆ ಅರಳಬೇಕಾದ ಮೊಗ್ಗುಗಳನ್ನೂ ಬಿಡಲಿಲ್ಲ. ವಿಲನ್ನಿನ ಮಕ್ಕಳು ದೊಡ್ಡವರಾಗಿ ಸೇಡು ತೀರಿಸಿಕೊಳ್ಳುವ ಕಥೆಗಳನ್ನು ನಾನು ಬೇಕಾದಷ್ಟು ನೋಡಿದ್ದೆ.

ಎರಡು ವಾರ ಕಳೆಯಿತು. ಪುಟ್ಟ ಕಾಯಿ ಹೊತ್ತ ಹೂವುಗಳು ಅರಳಿದವು, ಬಾಡಿದವು. ಕಾಯಿಗಳು ಹಳದಿಯಾಗಿ, ಮೆತ್ತಗಾಗಿ, ಒಂದೊಂದೇ ಉದುರಿದವು. ದೊಡ್ಡಮ್ಮ ಬಿದ್ದ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಕೆಳಗಿಳಿಯುತ್ತಿದ್ದಳು. ನಾನು, "ಪವರ್ರು ಬರ್ತಾ ಇದೆ ದೊಡ್ಡಮ್ಮ, ಆನ್ ದಿ ವೇ" ಎನ್ನುತ್ತಿದ್ದೆ.

ಪವರ್ರಿಗಿಂತ ಮೊದಲು ಸೆಕ್ರೆಟರಿ ಬಂದರು.

ಸೆಕ್ರೆಟರಿ ಎಂದರೆ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ. ಲಿಫ್ಟಿನಲ್ಲಿ ಎಷ್ಟು ಜನ ನಿಲ್ಲಬೇಕು, ಬಟ್ಟೆ ಒಣಹಾಕಿದರೆ ಕ್ಲಿಪ್ಪು ಯಾವ ಕಡೆಗಿರಬೇಕು ಎಂಬುದಕ್ಕೆಲ್ಲ ಅವರ ಬಳಿ ನಿಯಮವಿದೆ. ಟೆರೇಸಿನ ನಿಯಮ ಹೀಗೆ: ತರಕಾರಿ ಬೆಳೆಯಬಹುದು, ಶೋಕಿಗೆ ಹೂವಿನ ಗಿಡ ಇಡುವಂತಿಲ್ಲ.

"ಸಿಸ್ಟರ್, ನಿಮ್ಮ ಮೇಲೆ ನಂಗೆ ಗೌರವ ಇದೆ," ಎಂದರು ಸೆಕ್ರೆಟರಿ, ಬಳ್ಳಿಯನ್ನು ಕನ್ನಡಕದ ಮೇಲಿನಿಂದ ನೋಡುತ್ತಾ. "ಆದ್ರೆ ಎರಡು ವಾರದಿಂದ ನೋಡ್ತಾ ಇದೀನಿ. ಇದು ಬರೀ ಹೂವು ಬಿಡ್ತಿದೆ. ರೂಲು ಪ್ರಕಾರ ಹೂವಿನ ಗಿಡ."

"ಅಯ್ಯೋ, ಇದು ಕುಂಬಳ ಅಲ್ವೇನ್ರೀ!"

"ಹಾಗಂತ ಅದು ಹೇಳ್ಬೇಕು ಸಿಸ್ಟರ್, ನೀವು ಹೇಳಿದ್ರಾಗಲ್ಲ. ಭಾನುವಾರ ಕಮಿಟಿ ಜೊತೆ ಬರ್ತೀನಿ. ಒಂದು ಕಾಯಿ ತೋರಿಸಿ, ಬಳ್ಳಿ ಇರುತ್ತೆ. ಇಲ್ಲಾಂದ್ರೆ ತೆಗೆಸ್ತೀನಿ."

ಅವರು ಹೋದ ಮೇಲೆ ದೊಡ್ಡಮ್ಮ ಬಳ್ಳಿಯನ್ನೆಲ್ಲ ತಡಕಿದಳು. ಎಲೆಗಳ ನಡುವೆ ಪುಟ್ಟ ಕಾಯಿ ಹೊತ್ತ ಮೊಗ್ಗು ಒಂದೇ ಒಂದು ಉಳಿದಿತ್ತು. ಅದು ಬುಧವಾರ ಅರಳುವಂತಿತ್ತು.

"ಇದೂ ಉದುರಿದ್ರೆ ಮುಗೀತು ಕಣೋ. ಬೇರೆ ಬೀಜ ಇಲ್ಲ," ಎಂದಳು.

ಮಂಗಳವಾರ ಸಂಜೆ ನನ್ನ ಅಂಗಡಿಗೆ ಸೈನ್ಸ್ ಟೀಚರ್ ಬಂದರು, ನೀರಿಗೆ ಬಿದ್ದ ಫೋನು ಕೇಳಲು. ಫೋನಿನ ಸಾವಿನ ಸುದ್ದಿಯನ್ನು ಮುಂದೂಡಬೇಕಿತ್ತು. ಅದಕ್ಕೆ ನಾನೇ ಮಾತು ತಿರುಗಿಸಿ ಬಳ್ಳಿಯ ಕಥೆ ತೆಗೆದೆ. ನನ್ನ ಕಡ್ಡಿ ಹೂವಿನ ಸಂಹಾರವನ್ನು ಸ್ವಲ್ಪ ಹಿನ್ನೆಲೆ ಸಂಗೀತದ ಸಮೇತ ವರ್ಣಿಸಿದೆ.

ಟೀಚರ್ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಪುಣ್ಯಾತ್ಮ! ಅವು ಗಂಡು ಹೂವು ಕಣಪ್ಪ!"

"ಏನಂದ್ರಿ?"

"ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಕೆಳಗೆ ಪುಟ್ಟ ಕಾಯಿ ಇರೋದು ಹೆಣ್ಣು. ಕಡ್ಡಿ ಮೇಲೆ ನಿಂತಿರೋದು ಗಂಡು. ಗಂಡು ಹೂವಿನ ಹಳದಿ ಪುಡಿ, ಪರಾಗ ಅಂತೀವಲ್ಲ, ಅದು ಹೆಣ್ಣು ಹೂವಿನ ನಡುವಿನ ಅಂಟಿಗೆ ತಾಗಬೇಕು. ಜೇನು ಅದನ್ನ ಒಯ್ದು ಹಾಕುತ್ತೆ. ತಾಗಿದ್ರೆ ಕಾಯಿ ನಿಲ್ಲುತ್ತೆ, ಇಲ್ಲಾಂದ್ರೆ ಉದುರುತ್ತೆ. ನೀನು ಗಂಡುಗಳನ್ನೆಲ್ಲ ಮುಗಿಸಿ ಕೂತಿದೀಯ. ಜೇನು ಬಂದು ಏನ್ ಮಾಡ್ಬೇಕು, ನಿನ್ನ ಡೈಲಾಗ್ ಕೇಳ್ಬೇಕಾ?"

"ಈಗೇನ್ ಮಾಡೋದು ಮೇಡಂ?"

"ಎಲ್ಲಾದ್ರೂ ಒಂದು ಗಂಡು ಹೂವು ತಗೊಂಡು ಬಾ. ಪುಡೀನ ನೀನೇ ಮುಟ್ಟಿಸು. ಬೆಳಿಗ್ಗೆ ಹತ್ತರೊಳಗೆ. ಆಮೇಲೆ ಹೂವು ಮುಚ್ಚಿಕೊಳ್ಳುತ್ತೆ. ಅದಿರ್ಲಿ, ನನ್ನ ಫೋನ್ ಏನಾಯ್ತು?"

ಒಂದೇ ಸಂಜೆಯಲ್ಲಿ ಎರಡು ಸಾವುಗಳನ್ನು ಒಪ್ಪಿಕೊಳ್ಳುವ ಶಕ್ತಿ ನನಗಿರಲಿಲ್ಲ. "ಚಾರ್ಜಿಗಿಟ್ಟಿದೀನಿ ಮೇಡಂ," ಎಂದೆ.

ನಮ್ಮ ಬಡಾವಣೆಯಲ್ಲಿ ಇನ್ನೊಂದು ಕುಂಬಳಬಳ್ಳಿ ಇದ್ದದ್ದು ಒಂದೇ ಕಡೆ. ಪೊಲೀಸ್ ಠಾಣೆಯ ಹಿಂಭಾಗದಲ್ಲಿ. ಅಲ್ಲಿ ಜಪ್ತಿಯಾದ ಗಾಡಿಗಳು ತುಕ್ಕು ಹಿಡಿಯುತ್ತಾ ನಿಂತಿರುತ್ತವೆ. ಯಾರೋ ಎಸೆದ ಬೀಜ ಮೊಳೆತು, ಬಳ್ಳಿ ಗಾಡಿಗಳ ಮೇಲೆಲ್ಲ ಹಬ್ಬಿತ್ತು. ಬುಧವಾರ ಬೆಳಿಗ್ಗೆ ಆರಕ್ಕೆ, ದೊಡ್ಡಮ್ಮನಿಗೆ ಹೇಳದೆ, ಕಾಂಪೌಂಡು ಒಡೆದಿದ್ದ ಕಡೆಯಿಂದ ಒಳಗೆ ನುಸುಳಿದೆ. ಕೇಳಿ ಪಡೆಯಬಹುದಿತ್ತು. ಆದರೆ ಹೀರೋ ಎಂದೂ ಗೇಟಿನಿಂದ ಒಳಗೆ ಹೋಗುವುದಿಲ್ಲ.

ಆ ದಿನ ಅರಳಿದ್ದ ಗಂಡು ಹೂವು ಒಂದೇ. ಟಯರಿಲ್ಲದ ಒಂದು ಆಟೋದ ಹ್ಯಾಂಡಲ್ ಮೇಲೆ, ಡ್ರೈವರ್ ಥರ ಕೂತಿತ್ತು. ಚಿಮಟದಿಂದ ಕಡ್ಡಿ ಹಿಡಿದು ಮೆಲ್ಲಗೆ ಕಿತ್ತೆ.

"ಏಯ್! ಅಲ್ಲಾಡ್ಬೇಡ!"

ತಿರುಗಿ ನೋಡಿದರೆ ಹೆಡ್ ಕಾನ್‌ಸ್ಟೆಬಲ್ಲು. ಬನಿಯನ್ನು, ಹೆಗಲ ಮೇಲೆ ಟವೆಲ್ಲು, ಬಾಯಿತುಂಬ ಪೇಸ್ಟಿನ ನೊರೆ. ಆ ನೊರೆಯ ಮೇಲೆ ಮೀಸೆ. ಮೀಸೆ ಎಂದರೆ ಅಂಥ ಇಂಥ ಮೀಸೆಯಲ್ಲ, ಎರಡು ಅಳಿಲು ಮೂಗಿನ ಕೆಳಗೆ ಮುಖಾಮುಖಿ ಮಲಗಿದಂಥದ್ದು.

"ಏನ್ ಬಿಚ್ಚಿದೆ ಆಟೋದಿಂದ?"

"ಏನೂ ಇಲ್ಲ ಸಾರ್. ಹೂವು."

"ಹೂವಾ? ಸ್ಕ್ರೂಡ್ರೈವರ್ ಇಟ್ಕೊಂಡು, ಚಿಮಟ ಇಟ್ಕೊಂಡು ಹೂವು ಕೀಳಕ್ಕೆ ಬಂದ್ಯಾ? ಒಂದು ತಿಂಗಳಿಂದ ಇಲ್ಲಿ ಹಾರ್ನ್ ಹೋಗ್ತಿದೆ, ಕನ್ನಡಿ ಹೋಗ್ತಿದೆ. ಯಾವನಪ್ಪ ಅಂತ ಹುಡುಕ್ತಾ ಇದ್ದೆ. ನಡಿ ಒಳಗೆ!"

"ಸಾರ್, ನಂಬಿ. ಮನೇಲಿರೋ ಹೆಣ್ಣು ಹೂವಿಗೆ ಇದರ ಪುಡಿ ಹಾಕ್ಬೇಕು. ಹತ್ತು ಗಂಟೆಯೊಳಗೆ ಹಾಕ್ದೆ ಇದ್ರೆ ಒಂದು ವಂಶಾನೇ ಮುಗಿದುಹೋಗುತ್ತೆ!"

"ಕುಡಿದಿದೀಯಾ?"

ಇನ್ಸ್‌ಪೆಕ್ಟರ್ ಏಳೂವರೆಗೆ ಬಂದರು. ತೆಳ್ಳಗಿನ, ಎಂದೂ ದನಿ ಎತ್ತದ ಮನುಷ್ಯ. ಕೂತು, ಮೇಜಿನ ಮೇಲಿದ್ದ ಹೂವನ್ನು ನೋಡಿದರು.

"ಇದು ಎಲ್ಲಿತ್ತು?"

"ಆಟೋ ಮೇಲೆ ಸಾರ್," ಎಂದರು ಹೆಡ್ಡು.

"ಆಟೋ?"

"ಏಳು ವರ್ಷದ ಹಿಂದೆ ಜಪ್ತಿ ಆಗಿದ್ದು ಸಾರ್."

"ಹಾಗಾದ್ರೆ ಹೂವೂ ಕೇಸ್ ಪ್ರಾಪರ್ಟಿ. ಕೋರ್ಟ್ ಆರ್ಡರ್ ಇಲ್ದೆ ಇದು ಈ ಗೇಟ್ ದಾಟಂಗಿಲ್ಲ. ಬರ್ಕೊಳ್ಳಿ. ಇವನ ಮನೆಯೋರನ್ನ ಕರೆಸಿ."

ಹೆಡ್ ಸಾಹೇಬರು ರಿಜಿಸ್ಟರು ತೆಗೆದರು. "ಹೂವು, ಒಂದು. ಬಣ್ಣ, ಹಳದಿ. ದಳ, ಐದು. ವಾಸನೆ..." ಎಂದು ಹೂವನ್ನು ಎತ್ತಿ ಮೂಗಿಗೆ ಒತ್ತಿಕೊಂಡರು.

"ಸಾರ್! ಮೂಸಬೇಡಿ! ಪರಾಗ! ಪರಾಗ ಹೋಗುತ್ತೆ!"

"ನನ್ನ ಮೂಗಿಗೇ ರೂಲ್ಸ್ ಹೇಳ್ತೀಯಾ?" ಎಂದು ಇನ್ನೊಂದು ಸಲ, ಈ ಸಲ ಆಳವಾಗಿ, ಮೂಸಿದರು. ವಾಸನೆ ಏನಿಲ್ಲ ಎಂದು ಬರೆದು, ಸಾಕ್ಷಿ ಹಾರಿಹೋಗಬಾರದೆಂದು ಹೂವನ್ನು ರಿಜಿಸ್ಟರಿನ ನಡುವೆ ಇಟ್ಟು, ಧಡ್ ಎಂದು ಮುಚ್ಚಿ, ಅದರ ಮೇಲೆ ಮೊಣಕೈ ಊರಿ ಕೂತರು.

ನಾನು ಗೋಡೆಯ ಗಡಿಯಾರ ನೋಡಿದೆ. ಎಂಟಾಗಿತ್ತು.

ದೊಡ್ಡಮ್ಮ ಬಂದಾಗ ಎಂಟೂವರೆ. ಹಿಂದೆಯೇ ಸೆಕ್ರೆಟರಿ. ಕಟ್ಟಡದ ನಿವಾಸಿ ಠಾಣೆಯಲ್ಲಿದ್ದರೆ ಸೆಕ್ರೆಟರಿ ಹಾಜರಿರಬೇಕೆಂಬ ನಿಯಮ ಇತ್ತಂತೆ. ಇಲ್ಲದಿದ್ದರೆ ದಾರಿಯಲ್ಲಿ ಮಾಡಿರಬೇಕು.

"ಏನ್ ಮಾಡ್ದೆ?" ಎಂದಳು ದೊಡ್ಡಮ್ಮ.

ನಾನು ಎದ್ದು ನಿಂತೆ. "ದೊಡ್ಡಮ್ಮ, ಈ ಕೈಗೆ ಬೇಡಿ ಬಿದ್ದಿರಬಹುದು, ಆದ್ರೆ ಈ ಹೃದಯ..."

"ಬೇಡಿ ಯಾರು ಹಾಕಿದ್ರು ನಿಂಗೆ?" ಎಂದರು ಹೆಡ್ಡು.

"ನೆಟ್ಟಗೆ ಹೇಳು," ಎಂದಳು ದೊಡ್ಡಮ್ಮ.

ನೆಟ್ಟಗೆ ಹೇಳಿದೆ. ಕಡ್ಡಿ ಹೂವೇ ಗಂಡು ಹೂವು. ಅವು ಬಿಟ್ಟಿ ಗಿರಾಕಿಗಳಲ್ಲ. ಅವಿಲ್ಲದೆ ಕಾಯಿ ನಿಲ್ಲುವುದಿಲ್ಲ. ನನಗೆ ಏನೂ ತಿಳಿದಿರಲಿಲ್ಲ, ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದೆ.

"ಎಲ್ಲಾನೂ ಕಿತ್ಯಾ? ಒಂದೂ ಬಿಟ್ಟಿಲ್ವಾ?"

"ಮೊಗ್ಗೂ ಬಿಟ್ಟಿಲ್ಲ ದೊಡ್ಡಮ್ಮ."

ದೊಡ್ಡಮ್ಮ ಬೆಂಚಿನ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ, "ಒಂದೊಂದು ಉದುರಿದಾಗಲೂ ನೀರು ಜಾಸ್ತಿ ಹಾಕ್ದೆನೋ, ನಂದೇ ತಪ್ಪೇನೋ ಅನ್ಕೋತಿದ್ದೆ ಕಣೋ," ಎಂದಳು.

ನಾನು ಕಾಲರ್ ಇಳಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತೆ.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, "ಆ ಹೂವನ್ನಾದ್ರೂ ಕೊಡಿ ಸಾರ್," ಎಂದರು. ಎಲ್ಲರೂ ಅವರನ್ನು ನೋಡಿದರು. "ಅಲ್ಲ, ಭಾನುವಾರದವರೆಗೆ ಟೈಮ್ ಕೊಟ್ಟಿದೀನಿ. ಟೈಮ್ ಕೊಟ್ಟ ಮೇಲೆ ಅವಕಾಶಾನೂ ಇರ್ಬೇಕು."

ಹೆಡ್ ಸಾಹೇಬರು ರಿಜಿಸ್ಟರು ತೆರೆದರು. ಹೂವು ಎರಡೂ ಪುಟಗಳಿಗೆ ಸಮನಾಗಿ ಹಂಚಿಹೋಗಿತ್ತು. ಇಸ್ತ್ರಿ ಮಾಡಿದ ಆಮ್ಲೆಟ್ಟಿನಂತಿತ್ತು.

"ಛೆ," ಎಂದರು ಹೆಡ್ಡು, ಸ್ವಲ್ಪ ನಾಚಿಕೆಯಿಂದ. "ನೀವು ಮನೆಗೆ ಹೋಗಮ್ಮ. ನಾನು ಮುಖ ತೊಳ್ಕೊಂಡು ಬರ್ತೀನಿ, ಆಮೇಲೆ ಇವನ ಹೇಳಿಕೆ..."

"ಮುಖ ತೊಳೀಬೇಡಿ!"

ಠಾಣೆಯಲ್ಲಿದ್ದವರೆಲ್ಲ ಬೆಚ್ಚಿದರು. ದೊಡ್ಡಮ್ಮ ಎದ್ದು ಬಂದು ಹೆಡ್ ಸಾಹೇಬರ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೀಸೆಯ ಎಡಭಾಗದ ತುಂಬ ಹಳದಿ ಪುಡಿ ಮೆತ್ತಿಕೊಂಡಿತ್ತು.

"ಇದೇನಾ?" ಎಂದು ನನ್ನನ್ನು ಕೇಳಿದಳು.

"ಇದೇ ದೊಡ್ಡಮ್ಮ!"

ಎಲ್ಲರೂ ಇನ್ಸ್‌ಪೆಕ್ಟರರನ್ನು ನೋಡಿದೆವು. ಅವರು ರಿಜಿಸ್ಟರನ್ನೊಮ್ಮೆ, ಮೀಸೆಯನ್ನೊಮ್ಮೆ ನೋಡಿದರು.

"ಹೂವು ಆಚೆ ಹೋಗಂಗಿಲ್ಲ," ಎಂದರು. "ಆದ್ರೆ ಇವರ ಮೀಸೆ ಕೇಸ್ ಪ್ರಾಪರ್ಟಿ ಅಲ್ಲ. ಜೀಪ್ ತಗೊಂಡು ಹೋಗಿ."

ಜೀಪಿನಲ್ಲಿ ಹೆಡ್ ಸಾಹೇಬರನ್ನು ಗಾಳಿ ತಾಗದಂತೆ ನಡುವೆ ಕೂರಿಸಿದೆವು. ಸೆಕ್ರೆಟರಿ ಅವರ ಮುಖದ ಮುಂದೆ ತಮ್ಮ ಫೈಲನ್ನು ಅಡ್ಡ ಹಿಡಿದಿದ್ದರು. ದಾರಿಯಲ್ಲಿ ಹೋಗುವವರಿಗೆ, ಯಾರೋ ದೊಡ್ಡ ಆರೋಪಿಯ ಮುಖ ಮುಚ್ಚಿ ಒಯ್ಯುತ್ತಿರುವಂತೆ ಕಂಡಿರಬೇಕು. ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದ ನನ್ನನ್ನು ಪತ್ತೇದಾರ ಎಂದುಕೊಂಡಿರಬೇಕು. ಆ ಬೆಳಿಗ್ಗೆ ನನಗೆ ಸಿಕ್ಕ ಸಮಾಧಾನ ಅದೊಂದೇ.

ಟೆರೇಸಿಗೆ ಹತ್ತಿದಾಗ ಒಂಬತ್ತೂವರೆ. ಹೆಣ್ಣು ಹೂವು ಅರಳಿತ್ತು, ಆದರೆ ದಳಗಳ ಅಂಚು ಆಗಲೇ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಪೊಲೀಸ್ ಜೀಪಿನ ಹಿಂದೆಯೇ ಕಟ್ಟಡದ ಜನವೆಲ್ಲ ಮೇಲೆ ಬಂದು ನಿಂತಿತು. ಹೆಡ್ ಸಾಹೇಬರು ನೀರಿನ ಟ್ಯಾಂಕಿನ ಪಕ್ಕ ಮಂಡಿಯೂರಿ, ಹೂವಿನ ಹತ್ತಿರ ಮುಖ ತಂದರು. ನಾನು ಬ್ರಷ್ಷು ತೆಗೆದೆ.

"ಯಾರೂ ಉಸಿರಾಡ್ಬೇಡಿ. ಈ ಕೈ ಇದುವರೆಗೆ ನಡುಗಿದ್ದೇ..." ಎಂದು ಶುರು ಮಾಡಿದೆ. ಕೈ ನಡುಗುತ್ತಿತ್ತು. ಬ್ರಷ್ಷು ಮೀಸೆಯ ಬದಲು ಮೂಗಿನ ಹೊಳ್ಳೆಗೆ ಹೋಯಿತು.

"ಸೀ... ಸೀನು ಬರ್ತಿದೆ!" ಎಂದರು ಹೆಡ್ಡು.

"ಸರಿ ಆಚೆ!" ದೊಡ್ಡಮ್ಮ ನನ್ನ ಕೈಯಿಂದ ಬ್ರಷ್ಷು ಕಿತ್ತುಕೊಂಡಳು. ಅವಳ ದನಿ ಬದಲಾಗಿತ್ತು. ಅದು ವಾರ್ಡಿನ ದನಿ. "ಸೀನಬಾರದು. ನನ್ನ ನೋಡಿ. ಬಾಯಲ್ಲಿ ಉಸಿರು ಎಳ್ಕೊಳ್ಳಿ. ಹಾಂ, ಮೆಲ್ಲಗೆ ಬಿಡಿ. ಇನ್ನೊಂದ್ಸಲ. ಜಾಣ! ಇನ್ನೇನು ಆಯ್ತು, ಸ್ವಲ್ಪ ತಡ್ಕೊಳ್ಳಿ."

"ಆಗ್ತಿಲ್ಲ ಸಿಸ್ಟರ್!"

"ಆಗುತ್ತೆ. ಎಲ್ರಿಗೂ ಆಗುತ್ತೆ. ಗಟ್ಟಿಯಾಗಿ ಕೈ ಹಿಡ್ಕೊಳ್ಳಿ."

ಹೆಡ್ ಸಾಹೇಬರು ಹತ್ತಿರ ಸಿಕ್ಕ ಕೈ ಹಿಡಿದುಕೊಂಡರು. ಅದು ಸೆಕ್ರೆಟರಿಯವರದು. ಸೆಕ್ರೆಟರಿ ಕಣ್ಣು ಮುಚ್ಚಿ ನೋವು ತಡೆದುಕೊಂಡರು. ದೊಡ್ಡಮ್ಮ ಮೀಸೆಯಿಂದ ಪುಡಿಯನ್ನು ಬ್ರಷ್ಷಿಗೆ ಬಳಿದುಕೊಂಡು, ಇನ್ನೊಂದು ಕೈಯಿಂದ ದಳ ಬಿಡಿಸಿ, ಹೂವಿನ ನಡುವಿನ ಅಂಟಿಗೆ ಮೂರು ಸಲ, ನಾಲ್ಕು ಸಲ ಮುಟ್ಟಿಸಿದಳು.

"ಆಯ್ತು. ಈಗ ಸೀನಿ."

ಆ ಸೀನಿಗೆ ಟೆರೇಸಿನ ಪಾರಿವಾಳಗಳೆಲ್ಲ ಎದ್ದವು.

ಕಳ್ಳತನದ ಅನುಮಾನದಿಂದ ಹೆಡ್ ಸಾಹೇಬರು ನನ್ನನ್ನು ಅಲ್ಲೇ ಬಿಡುಗಡೆ ಮಾಡಿದರು. "ಹಾರ್ನ್ ಬಿಚ್ಚೋಕೆ ಕೈ ಸ್ಥಿರ ಇರ್ಬೇಕು, ಇವನಿಂದಾಗಲ್ಲ," ಎಂಬುದು ಅವರ ತೀರ್ಪು. ದೊಡ್ಡಮ್ಮ ಮಾತ್ರ ಬಿಡುಗಡೆ ಮಾಡಲಿಲ್ಲ. ಭಾನುವಾರದವರೆಗೆ ನಾನು ಟೆರೇಸಿಗೆ ಕಾಲಿಡಬಾರದು. ಗುರುವಾರ, ಶುಕ್ರವಾರ, ಶನಿವಾರ ಅವಳು ಮೇಲೆ ಹೋಗಿ ಬಂದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ. ಮೂವತ್ತೈದು ವರ್ಷ ವಾರ್ಡಿನ ಬಾಗಿಲಲ್ಲಿ ನಿಂತ ಮುಖ. ಒಂದು ಗೆರೆಯೂ ಸುಳಿವು ಕೊಡಲಿಲ್ಲ.

ಭಾನುವಾರ ಕಮಿಟಿ ಮೇಲೆ ಹೋಯಿತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ ಸೆಕ್ರೆಟರಿಯ ದನಿ ಕೇಳಿಸಿತು.

"ಏಯ್ ಡೈಲಾಗ್! ಬಾ ಇಲ್ಲಿ!"

ಹೋದೆ. ಗೋಲಿಯಷ್ಟಿದ್ದದ್ದು ಮುಷ್ಟಿಯಷ್ಟಾಗಿ, ಹಸಿರಾಗಿ ಮಿರಮಿರ ಮಿಂಚುತ್ತಾ ಕೂತಿತ್ತು. ಸೆಕ್ರೆಟರಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಿಸಿಲಿಗೆ ಸಿಮೆಂಟು ಕಾದ್ರೆ ಇದರ ಅಡಿ ಬೇಯುತ್ತೆ. ನಮ್ಮನೆಗೆ ಹೋಗು. ಹಾಲ್‌ನಲ್ಲಿ ನನ್ನ ಕುರ್ಚಿ ಮೇಲೆ ದಿಂಬಿದೆ, ತಗೊಂಡು ಬಾ."

"ನಿಮ್ಮ ಬೆನ್ನು ನೋವಿಗೆ ಇಟ್ಕೊಂಡಿರೋದಲ್ವಾ ಸಾರ್?"

"ತಗೊಂಡು ಬಾ ಅಂದೆ."

ನಾನು ಎದೆಯುಬ್ಬಿಸಿ, "ನೋಡಿದ್ರಾ ದೊಡ್ಡಮ್ಮ! ಒಂದು ಸಲ ನಾನು..." ಎನ್ನುವಷ್ಟರಲ್ಲಿ ಇಡೀ ಕಮಿಟಿ ಒಂದೇ ದನಿಯಲ್ಲಿ, "ಬಾಯ್ಮುಚ್ಚು!" ಎಂದಿತು. ಆ ಸಂಘ ಸರ್ವಾನುಮತದಿಂದ ಕೈಗೊಂಡ ಮೊದಲ ನಿರ್ಣಯ ಅದಂತೆ.

ದೊಡ್ಡಮ್ಮ ನಗುತ್ತಿದ್ದಳು. ಮೂರು ವಾರದ ನಂತರ.

"ಮೇಲ್ಗಡೆ ಇನ್ನೆರಡು ಹೆಣ್ಣು ಮೊಗ್ಗು ಬಂದಿದೆ," ಎಂದಳು. "ನಮ್ಮ ಗಂಡು ಮೊಗ್ಗು ಇನ್ನೂ ಎಳೇದು, ನಿನ್ನ ದಯೆ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಠಾಣೆಗೆ ಹೋಗು. ಗೇಟಿಂದ ಹೋಗು. ಕೇಳಿ ತಗೊಂಡು ಬಾ."

ಹೆಡ್ ಸಾಹೇಬರು ಅಷ್ಟರಲ್ಲಿ ಆ ಬಳ್ಳಿಯ ಒಂದು ಕುಡಿಯನ್ನು ಆಟೋದಿಂದ ಬಿಡಿಸಿ ಕಾಂಪೌಂಡಿನ ಮೇಲೆ ಹಬ್ಬಿಸಿದ್ದರು. ಕಾಂಪೌಂಡು ಕೇಸ್ ಪ್ರಾಪರ್ಟಿ ಅಲ್ಲ. ಆದರೆ ಠಾಣೆಯಿಂದ ಏನೇ ಆಚೆ ಹೋದರೂ ಸಹಿ ಬೇಕೆಂದು ಇನ್ಸ್‌ಪೆಕ್ಟರ್ ಹೇಳಿದ್ದಾರೆ. ಹಾಗಾಗಿ ಈಗ ನಾನು ದಿನಾ ಬೆಳಿಗ್ಗೆ ಠಾಣೆಯಲ್ಲಿ ಸಹಿ ಹಾಕುತ್ತೇನೆ. ರೌಡಿಗಳು ವಾರಕ್ಕೊಮ್ಮೆ ಹಾಕಿದರೆ ಸಾಕಂತೆ.

ನಿನ್ನೆ ಸಾಲಿನಲ್ಲಿ ನನ್ನ ಮುಂದೆ ಅಂಥ ಒಬ್ಬ ನಿಂತಿದ್ದ. ಅವನ ಕತ್ತು ನನ್ನ ತೊಡೆಯಷ್ಟಿತ್ತು. ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ದಿನಾ ಬರ್ತೀಯಂತೆ. ಅಂಥಾದ್ದೇನ್ ಕೇಸೋ ನಿಂದು?"

"ಕುಂಬಳದ ಹೂವು ಅಣ್ಣಾ," ಎಂದೆ.

ಅವನು ಅತ್ತ ಇತ್ತ ನೋಡಿ, ಬಾಗಿ, ನನ್ನ ಕಿವಿಯ ಬಳಿ ಬಾಯಿ ತಂದ. "ನಮ್ಮನೇಲೂ ಒಂದು ಬಳ್ಳಿ ಇದೆ ಕಣೋ. ನಮ್ಮಮ್ಮ ಹಾಕಿರೋದು. ಹೂವು ರಾಶಿ ರಾಶಿ ಬಿಡ್ತಿದೆ, ಕಾಯಿ ಒಂದೂ ಇಲ್ಲ. ಏನ್ ಮಾಡ್ಬೇಕು?"

ನನ್ನ ಕೈ ಅಭ್ಯಾಸಬಲದಿಂದ ಕಾಲರಿಗೆ ಹೋಯಿತು. ಹುಬ್ಬು ಅರ್ಧ ಏರಿತು. ನಾಲಗೆಯ ತುದಿಗೆ ಮೂರು ಉತ್ತರಗಳು ಬಂದು ನೂಕಾಡಿದವು. ಮೂರನ್ನೂ ನುಂಗಿಕೊಂಡೆ.

"ಅಣ್ಣಾ," ಎಂದೆ, "ದಯವಿಟ್ಟು ಏನನ್ನೂ ಕೀಳಬೇಡಿ."